ನೊಗ ಕಳಚಿದ ಎಡದೆತ್ತು

ಬರೀ ಡೀಸೆಲ್ ಹೊಗೆ ಮೂಗಿಗೆ ಬಂದರೆ ನನಗೇನೂ ಆಗುವುದಿಲ್ಲ. ಅಟ್ಟದಿಂದ ಇಳಿಸಿದ ಕೊಬ್ಬರಿಯ ವಾಸನೆ ಮಾತ್ರ ಬಂದರೂ ಏನೂ ಆಗುವುದಿಲ್ಲ. ಎರಡೂ ಒಟ್ಟಿಗೆ ಬಂದರೆ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತದೆ. ಹೋದ ತಿಂಗಳು ಬಿಳಿಗೆರೆಯಲ್ಲಿ ಬಸ್ಸಿಳಿದು ನಮ್ಮ ಹಳ್ಳಿಗೆ ನಡೆದು ಹೋದಾಗ ಮನೆಯಂಗಳದಲ್ಲಿ ಎರಡೂ ಇದ್ದವು. ಅತ್ತಿಗೆ ಒಂದು ಕಡೆ ಕೂತು ಕೊಬ್ಬರಿಯ ಕರಟ ಬಿಡಿಸುತ್ತಿದ್ದಳು. ಇನ್ನೊಂದು ಕಡೆ ಪಕ್ಕದ ತೋಟದ ಜಯಮ್ಮನ ಹೊಸ ಪವರ್ ಟಿಲ್ಲರ್ ಟಪಟಪ ಎನ್ನುತ್ತ ನಿಂತಿತ್ತು. ಮಲ್ಲೇಶಣ್ಣ ಅದರ ಪಕ್ಕ ನಿಂತು ಪಾಠ ಹೇಳುತ್ತಿದ್ದ. ಮಲ್ಲೇಶಣ್ಣ ನನ್ನ ಒಡಹುಟ್ಟಿದ ಅಣ್ಣ, ನನಗಿಂತ ಒಂಬತ್ತು ವರ್ಷ ದೊಡ್ಡವನು.

ಟಿಲ್ಲರ್ ಎಂದರೆ ಎರಡೇ ಚಕ್ರದ, ಹಿಂದೆ ನಡೆಯುತ್ತ ಉಳುವ ಯಂತ್ರ. ಅದರ ಹಿಂದಕ್ಕೆ ಚಾಚಿದ ಎರಡು ಕೈಗಳ ಅಡಿಯಲ್ಲಿ ಎರಡು ಸಣ್ಣ ಹಿಡಿಗಳಿರುತ್ತವೆ. ಸೈಕಲ್ಲಿನ ಬ್ರೇಕಿನಂತೆ ಬೆರಳಲ್ಲಿ ಒತ್ತುವಂಥವು. ಟಿಲ್ಲರನ್ನು ತಿರುಗಿಸುವುದು ಅವುಗಳಿಂದಲೇ. ಅಣ್ಣ ಎಡದ ಹಿಡಿಯನ್ನು ಮುಟ್ಟಿ ತೋರಿಸಿದ.

"ನೋಡು ಜಯಮ್ಮ, ಇದನ್ನ ಒತ್ತಿದ್ರೆ ಎಡದೆತ್ತು ನಿಲ್ಲಲ್ಲ. ಅದರ ನೊಗ ಕಳಚ್ಕಂತೈತೆ ಅಷ್ಟೆ. ಬಯಲಲ್ಲಿ ನೊಗ ಕಳಚಿದ ಎತ್ತು ನಿಂತ್ಕಂತೈತೆ, ಸರಿ. ಇಳಿಜಾರಲ್ಲಿ, ಹಿಂದ್ಗಡೆಯಿಂದ ಲೋಡು ನೂಕ್ತಿರುವಾಗ ನಿಂತ್ಕಂತೈತಾ?"

"ಎಲ್ಲಿ ನಿಲ್ತೈತೆ, ಓಡ್ತೈತೆ."

"ಎಡದೆತ್ತು ಮುಂದಕ್ಕೋಡಿದ್ರೆ ಗಾಡಿ ಎತ್ಲಾಗೆ ತಿರುಗ್ತೈತೆ?"

ಜಯಮ್ಮ ಗಾಳಿಯಲ್ಲಿ ಎರಡೂ ಕೈ ಆಡಿಸಿ ನೋಡಿದಳು. "ಬಲಕ್ಕೆ."

"ಅದಕ್ಕೇ ಇಳಿಜಾರಲ್ಲಿ ಎಡಕ್ಕೋಗ್ಬೇಕಂದ್ರೆ ಬಲ ಹಿಡೀಬೇಕು."

"ಅಯ್ಯೋ ನಿನ್ನ! ಎಡಬಲಣ್ಣ ಅಂತ ಊರೋರು ಸುಮ್ನೆ ಕರೀತಾರಾ?" ಎಂದು ಜಯಮ್ಮ ನಕ್ಕಳು. ಅಣ್ಣನೂ ನಕ್ಕ. ಅವನು ಆ ಹೆಸರಿಗೆ ಓಗೊಡಲು ಶುರುಮಾಡಿ ಹನ್ನೊಂದು ವರ್ಷವಾಯಿತು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಮೇಷ್ಟ್ರೇ, ಇದನ್ನ ನೀವು ಅವತ್ತೇ ಪುಸ್ತಕ ಓದಿ ಹೇಳಿದ್ರಂತೆ, ಇವ್ರೇ ಮರ್ತ್ರಂತೆ. ನಿಜವಾ?"

ಈ ಪ್ರಶ್ನೆ ನನಗೆ ಹೊಸದಲ್ಲ. ಉತ್ತರವೂ ಹಳೆಯದೇ. ಟಿಲ್ಲರ್ ಶೆಡ್ಡಿನ ಕಂಬಕ್ಕೆ ಒರಗಿ ನಿಂತವನು, "ಹೂಂ, ಇಲ್ಲೇ ಹಲಸಿನ ಮರದ ಕೆಳಗೆ ಕೂತು ಹೇಳಿದ್ದೆ. ಅಣ್ಣ ಆ ಬೇರಿನ ಮೇಲೆ ಕೂತಿದ್ದ," ಎಂದೆ.

ಅತ್ತಿಗೆ ಕತ್ತಿ ಕೆಳಗಿಡದೆಯೇ ತಲೆಯೆತ್ತಿದಳು. "ಯಾವ ಹಲಸಿನ ಮರನಪ್ಪ?"

"ಇದೇ ಅಂಗಳದ್ದು ಅತ್ತಿಗೆ."

"ನೀನು ಒರಗ್ಕಂಡಿರೋದೇ ಆ ಮರ. ಆ ವರ್ಷ ಮುಂಗಾರಿಗೆ ಮುಂಚೆ ಗಾಳಿಗೆ ಬಿತ್ತಲ್ಲ, ಕುಯ್ಸಿ ಕಂಬ ಮಾಡಿ ಈ ಶೆಡ್ ನಿಲ್ಸಿದ್ದು. ಶೆಡ್ ಆದ್ಮೇಲೆ ತಾನೆ ಟಿಲ್ಲರ್ ಬಂದಿದ್ದು? ಟಿಲ್ಲರ್ ಬಂದ್ಮೇಲೆ ತಾನೆ ಪುಸ್ತಕ?"

ಅವಳು ನನ್ನನ್ನು ಸಿಕ್ಕಿಹಾಕಿಸಲೆಂದು ಹೇಳಿದ ಮಾತಲ್ಲ. ಮಳೆ ಯಾವಾಗ ಬಂತು, ಹಸು ಯಾವಾಗ ಕರು ಹಾಕಿತು ಎನ್ನುವ ಹಾಗೆಯೇ ಇದನ್ನೂ ಹೇಳಿ ಮತ್ತೆ ಕತ್ತಿ ಆಡಿಸತೊಡಗಿದಳು. ನಾನು ಕಂಬದಿಂದ ಬೆನ್ನು ತೆಗೆದೆ. ಹಳದಿ ಹೋಗಿ ಕಂದು ಬಣ್ಣಕ್ಕೆ ತಿರುಗಿದ ಹಲಸಿನ ಮರ. ಸಂಶಯವೇ ಇರಲಿಲ್ಲ.

ಹಾಸನದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅಳತೆಯನ್ನು ಬರೆಯುವಾಗ ಪಕ್ಕದಲ್ಲಿ ಅದರ ದೋಷವನ್ನೂ ಬರೆಯಿರಿ, ದೋಷವಿಲ್ಲದ ಅಳತೆಯನ್ನು ನಂಬಬೇಡಿ ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ದೇವರು, ಜಾತಕ, ಪತ್ರಿಕೆಯ ಸುದ್ದಿ, ಯಾವುದನ್ನೂ ಕೇಳಿದ ಕೂಡಲೇ ಒಪ್ಪುವ ಜಾಯಮಾನ ನನ್ನದಲ್ಲ. ಒಂದೇ ಒಂದು ಚಿತ್ರವನ್ನು ಹನ್ನೊಂದು ವರ್ಷ ತಿರುಗಿಸಿ ನೋಡದೆ ಇಟ್ಟುಕೊಂಡಿದ್ದೆ: ಹಲಸಿನ ನೆರಳು, ಬೇರಿನ ಮೇಲೆ ಅಣ್ಣ, ನನ್ನ ತೊಡೆಯ ಮೇಲೆ ಪುಸ್ತಕ, ಇಳಿಜಾರಿನ ಪುಟವನ್ನು ಓದಿ ಹೇಳುತ್ತಿರುವ ನನ್ನ ದನಿ. ಈಗ ಅದರಲ್ಲಿ ಮರವೇ ಇಲ್ಲ. ಮರವಿಲ್ಲದೆ ನೆರಳಿಲ್ಲ, ಬೇರಿಲ್ಲ. ದನಿಯೊಂದು ಉಳಿಯುತ್ತದೆಂದು ಹೇಗೆ ಹೇಳಲಿ? ಹಾಗಾಗಿ ಆ ವರ್ಷವನ್ನು ಮೊದಲಿಂದ ನೆನೆಯುತ್ತಿದ್ದೇನೆ. ಗಟ್ಟಿ ಇರುವುದನ್ನಷ್ಟೇ ಬರೆಯಲು ಪ್ರಯತ್ನಿಸುತ್ತೇನೆ.

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಮುಂದೇನು ಎಂದು ತಿಳಿಯದೆ ಊರಿಗೆ ಬಂದು ಕೂತ ವರ್ಷ ಅದು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಣ್ಣ ಎತ್ತು ಕಟ್ಟಿ ತೋಟ ಉಳುವುದನ್ನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಎರಡು ಎತ್ತು, ಎಡದಲ್ಲಿ ಹುಲಿಯ, ಬಲದಲ್ಲಿ ಕೆಂದ. ಸಾಲಿನ ಕೊನೆಗೆ ಬಂದಾಗ ಅಣ್ಣ ಹುಲಿಯನ ಹಗ್ಗವನ್ನು ಒಂದಿಷ್ಟು ಹಿಡಿದು, "ಹೋ, ಹುಲಿಯ" ಎನ್ನುವನು. ಹುಲಿಯ ನಿಂತಲ್ಲೇ ಕಾಲು ಊರುತ್ತಿತ್ತು, ಕೆಂದ ಅದನ್ನು ಸುತ್ತಿ ಬರುತ್ತಿತ್ತು, ನೇಗಿಲು ಎಡಕ್ಕೆ ತಿರುಗುತ್ತಿತ್ತು. ತೆಂಗಿನ ಬುಡದಿಂದ ಒಂದು ಮೊಳ ಬಿಟ್ಟು, ಬೇರಿಗೆ ತಾಗದಂತೆ. ನೋಡಲು ಚೆನ್ನಾಗಿತ್ತು. ಆದರೆ ಅವನು ಒಂದು ದಿನಕ್ಕೆ ಎಷ್ಟು ಸಾಲು ಮುಗಿಸುತ್ತಾನೆಂದು ನಾನು ಲೆಕ್ಕ ಹಾಕಿದೆ. ಟಿಲ್ಲರ್ ತರೋಣ ಎಂದವನು ನಾನು. ಇದು ಗಟ್ಟಿ. ಇದನ್ನು ಎಲ್ಲರೂ ಒಪ್ಪುತ್ತಾರೆ.

ಅಣ್ಣನಿಗೆ ಮನಸ್ಸಿರಲಿಲ್ಲ. "ಎತ್ತು ನಾನು ಹೇಳಿದ್ದು ಕೇಳ್ತಾವೆ ಕಣ್ಲಾ. ಅದೇನ್ ಕೇಳ್ತೈತೆ?" ಎಂದ.

"ಎತ್ತಿಗೆ ನೀನು ಹೇಳ್ಬೇಕು. ಇದಕ್ಕೆ ಪುಸ್ತಕ ಐತಣ್ಣ. ಎಲ್ಲಾ ಬರ್ದಿರ್ತಾರೆ," ಎಂದೆ.

ಒಲೆಯ ಮುಂದೆ ಕೂತಿದ್ದ ಅವ್ವ, "ಓದಿರೋನು ಹೇಳ್ತಾನೆ, ಕೇಳೋ," ಎಂದಳು. ನಮ್ಮ ಮನೆಯಲ್ಲಿ ಅವ್ವ ಹಾಗೆಂದರೆ ಮಾತು ಮುಗಿಯಿತು. ಹುಲಿಯ, ಕೆಂದ ಇಬ್ಬರನ್ನೂ ಶೆಟ್ಟಿಕೆರೆ ಕಡೆಯವರೊಬ್ಬರು ಕೊಂಡು, ಹೊಡೆದುಕೊಂಡು ಹೋದರು. ಅವತ್ತು ಅಣ್ಣ ಬೆಳಿಗ್ಗೆಯೇ ತೋಟಕ್ಕೆ ಹೋದವನು ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಟಿಲ್ಲರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಹಿಂದೆ ಒಂದಿಷ್ಟು ಹಿಂದಿ. ಕನ್ನಡವಿರಲಿಲ್ಲ. ಅಂದರೆ ಆ ಯಂತ್ರದ ಬಗ್ಗೆ ಅಣ್ಣನಿಗೆ ಏನು ತಿಳಿಯಬೇಕಾದರೂ ನನ್ನ ಬಾಯಿಂದಲೇ ತಿಳಿಯಬೇಕಿತ್ತು. ನಾನು ಪೆನ್ಸಿಲ್ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದೆ. ಇಳಿಜಾರಿನ ಎಚ್ಚರಿಕೆ ಇದ್ದ ಪುಟವನ್ನೂ ಓದಿದೆ, ಅಲ್ಲಿನ ಚಿತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಓದುತ್ತಲೇ ನನಗೆ ಖುಷಿಯಾಗಿತ್ತು. ಹಿಡಿ ಒತ್ತಿದರೆ ಆ ಕಡೆಯ ಚಕ್ರಕ್ಕೂ ಇಂಜಿನ್ನಿಗೂ ಇರುವ ಸಂಬಂಧ ಕಳಚುತ್ತದೆ. ಸಮ ನೆಲದಲ್ಲಿ ಕಳಚಿದ ಚಕ್ರ ಹಿಂದೆ ಬೀಳುತ್ತದೆ. ಇಳಿಜಾರಿನಲ್ಲಿ ಇಂಜಿನ್ ಎರಡೂ ಚಕ್ರಗಳನ್ನು ಹಿಂದಕ್ಕೆ ಹಿಡಿದುಕೊಂಡಿರುವುದರಿಂದ ಕಳಚಿದ್ದು ಮುಂದೆ ಓಡುತ್ತದೆ. ಎಷ್ಟು ಚೆಂದದ ಭೌತಶಾಸ್ತ್ರ! ನನ್ನ ಖುಷಿ ನನಗೆ ನೆನಪಿದೆ. ಅದನ್ನು ಯಾರಿಗಾದರೂ ಹೇಳಿದೆನೇ ಎಂಬುದೇ ಪ್ರಶ್ನೆ.

ಏನು ಹೇಳಿದೆ ಎಂಬುದು ಮಾತ್ರ ಇಡೀ ಊರಿಗೆ ಗೊತ್ತು. ಮೊದಲ ದಿನ ಟಿಲ್ಲರ್ ನೋಡಲು ಜನ ಕೂಡಿದ್ದರು. ಅಣ್ಣ ಆ ಎರಡು ಹಿಡಿಗಳನ್ನು ಅನುಮಾನದಿಂದ ನೋಡುತ್ತಿದ್ದ. ನಾನು ಎಡದ್ದನ್ನು ಒತ್ತಿ ತೋರಿಸಿ, "ಏನಿಲ್ಲಣ್ಣ, ಇದನ್ನ ಒತ್ತಿದ್ರೆ ಹುಲಿಯ ನಿಂತಂಗೆ. ಕೆಂದ ಸುತ್ತಿ ಬರ್ತೈತೆ. ಎಡಕ್ಕೋಗ್ಬೇಕಾ, ಎಡ ಹಿಡಿ. ಬಲಕ್ಕೋಗ್ಬೇಕಾ, ಬಲ ಹಿಡಿ," ಎಂದೆ.

ಅಣ್ಣನ ಮುಖ ಅರಳಿತು. ಮಾರಿಹೋದ ಎತ್ತುಗಳನ್ನು ಯಾರೋ ಮರಳಿ ತಂದು ಕಟ್ಟಿದಂತೆ. ನೆರೆದವರು, "ಓದ್ದೋನು ಅಂದ್ರೆ ಹಿಂಗಿರ್ಬೇಕು ಕಣ್ರಲಾ," ಎಂದರು. ಆ ಹೋಲಿಕೆಯನ್ನು ಆಮೇಲೆ ಎಷ್ಟು ಸಲ ಹೇಳಿದೆನೋ. ಟೀ ಅಂಗಡಿಯಲ್ಲಿ, ಡೇರಿಯ ಮುಂದೆ, ಟಿಲ್ಲರ್ ಕೇಳಿಕೊಂಡು ಬಂದವರ ಹತ್ತಿರ. ಅದು ತಪ್ಪು ಹೋಲಿಕೆ. ಹಿಡಿ ಒತ್ತಿದರೆ ಹುಲಿಯ ನಿಲ್ಲುವುದಿಲ್ಲ, ಹುಲಿಯನ ಕೊರಳಿಂದ ನೊಗ ಜಾರುತ್ತದೆ. ಆಗಲೇ ನನಗೆ ಅದು ಗೊತ್ತಿತ್ತು. ನೊಗ ಜಾರಿದೆ ಎಂದರೆ ಜನ ಇನ್ನಷ್ಟು ಕೇಳುತ್ತಿದ್ದರು, ವಿವರಿಸಬೇಕಾಗುತ್ತಿತ್ತು. ಹುಲಿಯ ನಿಂತ ಎಂದರೆ ಎಲ್ಲರೂ ನಗುತ್ತಿದ್ದರು.

ಆ ಮುಂಗಾರು ಚೆನ್ನಾಗಿಯೇ ಹಿಡಿಯಿತು. ಎರಡು ಮಳೆಯ ನಡುವೆ ನೆಲ ಹದಕ್ಕೆ ಬಂದ ದಿನಗಳಲ್ಲಿ ಅಣ್ಣ ಬೆಳಗಾಗುವ ಮೊದಲೇ ಹ್ಯಾಂಡಲ್ ಹಾಕಿ ತಿರುಗಿಸಿ ಟಿಲ್ಲರ್ ಚಾಲೂ ಮಾಡುತ್ತಿದ್ದ. ರಾಗಿ ಹೊಲ ಮುಗಿಸಿ ತೋಟಕ್ಕೆ ಇಳಿಯುತ್ತಿದ್ದ. ತೋಟದಲ್ಲಿ ಬಿದ್ದ ಗರಿಯ ಸೀಳು, ಕಾಯಿಸಿಪ್ಪೆಯ ನಾರು ಟಿಲ್ಲರಿನ ಅಲಗುಗಳಿಗೆ ಸುತ್ತಿಕೊಂಡು ಜಡೆಯಾಗುತ್ತಿತ್ತು. ಪ್ರತಿ ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಮಚ್ಚಿನಿಂದ ಕತ್ತರಿಸಿ ತೆಗೆಯುತ್ತಿದ್ದೆವು. ಬುಡದ ಹತ್ತಿರ ಟಿಲ್ಲರ್ ಬಿಡಲು ಅಣ್ಣ ಒಪ್ಪುತ್ತಿರಲಿಲ್ಲ. "ನೇಗಿಲು ಬೇರು ಕಂಡ್ರೆ ಪಕ್ಕಕ್ಕೋಗ್ತೈತೆ. ಇದು ಕೊಚ್ಚಾಕ್ತೈತೆ," ಎಂದು ಪ್ರತಿ ಮರದ ಸುತ್ತ ಒಂದು ಮಾರು ಬಿಟ್ಟು ಅದನ್ನು ಗುದ್ದಲಿಯಲ್ಲೇ ಅಗೆಯುತ್ತಿದ್ದ. ಈ ವಿಷಯ ನನ್ನ ಪುಸ್ತಕದಲ್ಲಿರಲಿಲ್ಲ. ಅವನಿಗೆ ಯಾರೂ ಓದಿ ಹೇಳಿರಲಿಲ್ಲ.

ಸಂಜೆ ಊಟಕ್ಕೆ ಕೂತರೆ ಅವನ ಎರಡೂ ಕೈ ಸಣ್ಣಗೆ ನಡುಗುತ್ತಿದ್ದವು. ದಿನವೆಲ್ಲ ಟಿಲ್ಲರ್ ಅದುರಿದ್ದು ಕೈಯೊಳಗೆ ಉಳಿದುಬಿಡುತ್ತಿತ್ತು. ಅವನು ಹಿಡಿದ ಚೊಂಬಿನ ನೀರಿನಲ್ಲಿ ಅಲೆ ಏಳುತ್ತಿತ್ತು. ಅವ್ವ ಅದನ್ನು ನೋಡಿ, "ಇಂಜಿನ್ ಆಫ್ ಮಾಡ್ಕಂಡು ಮುದ್ದೆ ಮುರಿಯೋ," ಎನ್ನುವಳು. ಎಲ್ಲರೂ ನಗುತ್ತಿದ್ದೆವು.

ಆದರೆ ಅಟ್ಟದಿಂದ ಕೊಬ್ಬರಿ ಇಳಿಸುವ ಕಾಲಕ್ಕೆ ಅವೇ ಕೈಗಳು ಬೇರೆಯಾಗುತ್ತಿದ್ದವು. ನಮ್ಮ ಕಡೆ ಅಟ್ಟಕ್ಕೆ ಏರಿದ ತೆಂಗಿನಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇರುತ್ತದೆ. ಒಳಗಿನ ನೀರು ಬತ್ತಿ, ತಿರುಳು ಕರಟ ಬಿಟ್ಟು ಉಂಡೆಯಾಗಿ ಒಣಗಬೇಕು. ಅಣ್ಣ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ, ಸಿಪ್ಪೆ ಸುಲಿದು, ಎಡಗೈಯಲ್ಲಿ ಅದನ್ನು ತಿರುಗಿಸುತ್ತಾ ಬಲಗೈಯ ಕತ್ತಿಯಿಂದ ಮೂರು ನಾಲ್ಕು ಏಟು ಹಾಕುತ್ತಿದ್ದ. ಕರಟ ಎರಡು ಹೋಳಾಗಿ ಬಿದ್ದು ಉಂಡೆ ಕೊಬ್ಬರಿ ಗೀರು ಸಹ ಇಲ್ಲದೆ ಅಂಗೈಗೆ ಬರುತ್ತಿತ್ತು. ಕತ್ತಿ ಒಳಗೆ ತಾಗಿದರೆ ಆ ಉಂಡೆ ಕೆಟ್ಟಂತೆ. ಅವನ ಕೈಯಲ್ಲಿ ಕೆಟ್ಟದ್ದು ನಾನು ನೋಡಿಲ್ಲ. ಬೇರೆ ತೋಟದವರೂ ಅವನನ್ನು ಕರೆಸಿಕೊಳ್ಳುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಟಿಲ್ಲರಿಗೆ ಟ್ರೈಲರ್ ಬಂತು. ಅದನ್ನು ಹಿಂದೆ ಕಟ್ಟಿ, ಅದರ ಮುಂದಿನ ಹಲಗೆಯ ಮೇಲೆ ಕೂತು, ಚಾಚಿಕೊಂಡಿರುವ ಎರಡು ಕೈಗಳನ್ನು ಹಿಡಿದು ನಡೆಸಬೇಕು. ಅಲ್ಲಿಯವರೆಗೆ ಟಿಲ್ಲರ್ ಸಮತಟ್ಟಾದ ತೋಟದಲ್ಲಿ, ಹೊಲದಲ್ಲಿ ಓಡಾಡಿತ್ತೇ ಹೊರತು ಇಳಿಜಾರು ಕಂಡಿರಲಿಲ್ಲ. ನಮ್ಮ ಹಿಂದಿನ ತೋಟ ಕೆರೆ ಏರಿಯ ಆಚೆ ಇದೆ. ಅಲ್ಲಿಂದ ಕಾಯಿ ತರಬೇಕೆಂದರೆ ಏರಿ ಹತ್ತಿ ಈ ಕಡೆ ಇಳಿಯಬೇಕು. ಇಳಿಜಾರಿನ ತುದಿಯಲ್ಲಿ ದಾರಿ ಎಡಕ್ಕೆ ತಿರುಗುತ್ತದೆ. ಬಲಕ್ಕೆ ಒಂದು ಹಳೆಯ ತೆಂಗಿನ ಮರ.

ಅವತ್ತು ಟ್ರೈಲರ್ ತುಂಬ ಕಾಯಿ. ಅಣ್ಣ ನಡೆಸುತ್ತಿದ್ದ. ಹಿಂದೆ ಉರುಳಿ ಬಿದ್ದ ಕಾಯಿಗಳನ್ನು ಆಯ್ದು ಹಾಕುತ್ತ ನಾನು ನಡೆದು ಬರುತ್ತಿದ್ದೆ. ಅಣ್ಣ ನೀಲಿ ಅಂಗಿ ತೊಟ್ಟಿದ್ದ ಎಂದು ನನ್ನ ನೆನಪು. ಅತ್ತಿಗೆ ಹೇಳುವ ಪ್ರಕಾರ ಬರೀ ಬನಿಯನ್. ರಕ್ತ ತೊಳೆದವಳು ಅವಳು, ಆದ್ದರಿಂದ ಬನಿಯನ್ನೇ ಇರಬೇಕು. ಏರಿ ಇಳಿಯುತ್ತ ಲೋಡು ಹಿಂದಿನಿಂದ ನೂಕತೊಡಗಿತು, ವೇಗ ಹೆಚ್ಚಿತು. ತಿರುವಿನಲ್ಲಿ ಅಣ್ಣನ ಎಡ ಮೊಣಕೈ ಬಿಗಿಯಾದದ್ದು ಕಂಡಿತು. ಟಿಲ್ಲರಿನ ಮೂತಿ ಬಲಕ್ಕೆ ಹೊರಳಿತು. ಅವನ ಕಾಲಡಿಯಲ್ಲಿ ಬ್ರೇಕ್ ಇತ್ತು. ಕೈ ತಪ್ಪು ಮಾಡುತ್ತಿದೆ ಎಂದು ತಿಳಿದವನು ಬ್ರೇಕ್ ಒತ್ತುತ್ತಾನೆ. ಅಣ್ಣನಿಗೆ ಹಾಗನ್ನಿಸಲಿಲ್ಲ, ಹಿಡಿದದ್ದು ಸಾಲದು ಎನ್ನಿಸಿರಬೇಕು. ಎಡವನ್ನು ಇನ್ನೂ ಬಿಗಿಯಾಗಿ ಹಿಡಿದ. ಅದು ಇನ್ನೂ ಬಲಕ್ಕೆ ಹೋಯಿತು. ನಾನು ಏನೋ ಕೂಗಿದೆ. ಏನೆಂದು ಯಾರಾದರೂ ಕೇಳಿದ್ದರೆ 'ಅಣ್ಣಾ' ಎಂದೇ ಇರಬೇಕು ಎನ್ನುತ್ತಿದ್ದೆ. ಟಿಲ್ಲರಿನ ಬಲದ ಕೈ, ಅದನ್ನು ಹಿಡಿದ ಅಣ್ಣನ ಕೈಸಮೇತ, ತೆಂಗಿನ ಮರಕ್ಕೆ ಬಡಿಯಿತು. ಹಿಂದಿನಿಂದ ಇಡೀ ಲೋಡು ಬಂದು ಒತ್ತಿತು. ಕಾಯಿಗಳು ಮುಂದಕ್ಕೆ ಹಾರಿ ಉರುಳಿದವು.

ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದೆವು. ತೋರುಬೆರಳು, ನಡುಬೆರಳು ಉಳಿಯಲಿಲ್ಲ. ಹೆಬ್ಬೆರಳು ಉಳಿಯಿತು, ಮಡಚುವುದಿಲ್ಲ.

ಮರುದಿನ ಅವ್ವ ಬಂದಳು. ಅಣ್ಣನ ಕಟ್ಟು ಹಾಕಿದ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು. ಊರಿನಲ್ಲಿ ಯಾರೋ ಮೆಕ್ಯಾನಿಕ್ ಇಳಿಜಾರಿನ ಸಂಗತಿಯನ್ನು ಅವಳಿಗೆ ಹೇಳಿಬಿಟ್ಟಿದ್ದ.

"ಪುಸ್ತಕದಲ್ಲಿ ಅದು ಇತ್ತೇನೋ?"

"ಇತ್ತವ್ವ," ಎಂದೆ.

"ನೀನು ಇವನಿಗೆ ಹೇಳಿದ್ಯಾ?"

ಈ ಕ್ಷಣದ ಬಗ್ಗೆ ನನಗೆ ಸಂಶಯವಿಲ್ಲ, ಇದ್ದರೆ ಚೆನ್ನಾಗಿತ್ತು. ನಾನು ಬಾಯಿ ತೆರೆಯಲಿಲ್ಲ. ಹಾಸಿಗೆಯ ಮೇಲಿಂದ ಅಣ್ಣನೇ, "ಹೇಳಿದ್ದ ಕಣವ್ವ," ಎಂದ. ಕಾಲ ಬಳಿ ಕೂತಿದ್ದ ಅತ್ತಿಗೆ ಏನೋ ಹೇಳಲು ಹೋದಳು. "ನೀನು ಸುಮ್ಕಿರು," ಎಂದು ಅವಳನ್ನು ತಡೆದ. ಅವ್ವ ನಿಟ್ಟುಸಿರು ಬಿಟ್ಟು, "ಹೇಳಿದ್ರೂ ತಲೆಗೆ ಹತ್ಲಿಲ್ವಲ್ಲೋ ನಿಂಗೆ," ಎಂದು ಅವನನ್ನೇ ಬೈದಳು. ನಾನು ಕಿಟಕಿಯ ಕಡೆ ನೋಡಿದೆ.

ಆ ತಿಂಗಳೇ ನನಗೆ ಮೈಸೂರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತು, ಹೊರಟುಬಿಟ್ಟೆ. ಅವತ್ತಿನ ಕಾಯಿಗಳನ್ನು ಯಾರೋ ಆಯ್ದು ಅಟ್ಟಕ್ಕೆ ಏರಿಸಿದ್ದರು. ಮುಂದಿನ ವರ್ಷ ಅವು ಕೊಬ್ಬರಿಯಾಗಿ ಇಳಿಯುವ ಹೊತ್ತಿಗೆ ನಾನು ಊರಿಗೆ ಬಂದಿದ್ದೆ. ಅಣ್ಣ ಕತ್ತಿಯನ್ನು ಎಡಗೈಗೆ ತೆಗೆದುಕೊಂಡು ಕೂತಿದ್ದ. ಹತ್ತು ಉಂಡೆ ಬಿಡಿಸಿದರೆ ಏಳಕ್ಕೆ ಗಾಯ. ಅತ್ತಿಗೆ ಅವನ ಕೈಯಿಂದ ಕತ್ತಿ ಇಸಿದುಕೊಂಡು ತಾನು ಕೂತಳು. ಅಂದಿನಿಂದ ಈ ಮನೆಯಲ್ಲಿ ಕರಟ ಬಿಡಿಸುವವಳು ಅವಳೇ.

'ಎಡಬಲ' ಎಂಬ ಹೆಸರು ಟೀ ಅಂಗಡಿಯಲ್ಲಿ ಹುಟ್ಟಿರಬೇಕು. ಎಡ ಯಾವುದು ಬಲ ಯಾವುದು ತಿಳಿಯದವನು ಎಂದು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವ್ವ ಮೂರು ವರ್ಷದ ಹಿಂದೆ ತೀರಿಕೊಂಡಳು. ಅಲ್ಲಿಯವರೆಗೆ ನಂಟರು ಯಾರೇ ಬಂದು ಅಣ್ಣನ ಕೈ ನೋಡಿ ಲೊಚಗುಟ್ಟಿದರೂ, "ತಮ್ಮ ಬಾಯಿ ನೋಯ್ಸ್ಕಂಡು ಓದಿ ಹೇಳಿದ್ದ, ಇವನೇ ಮರೆಗುಳಿ," ಎನ್ನುತ್ತಿದ್ದಳು. ನಾನು ಅಲ್ಲೇ ಕೂತಿರುತ್ತಿದ್ದೆ. ಹಲಸಿನ ಮರ ಯಾವಾಗ ನನ್ನ ನೆನಪಿನೊಳಗೆ ಬಂದು ನಿಂತಿತೋ ಗೊತ್ತಿಲ್ಲ. ಅವ್ವನ ಮಾತಿಗೆ ತಲೆಯಾಡಿಸಿ ಆಡಿಸಿ, ಹೇಳಿದ್ದು ಎಲ್ಲಿ, ಹೇಗೆ ಎಂಬುದಕ್ಕೆ ಒಂದು ಜಾಗ ಬೇಕಾಗಿರಬೇಕು. ಚಿಕ್ಕಂದಿನಲ್ಲಿ ನಾನು ಪಾಠ ಓದುತ್ತಿದ್ದ ಜಾಗವನ್ನೇ ಮನಸ್ಸು ಎತ್ತಿಕೊಟ್ಟಿರಬೇಕು.

ಇಷ್ಟೆಲ್ಲ ಹೋದ ತಿಂಗಳು ಆ ಕಂಬದ ಪಕ್ಕ ನಿಂತಾಗ ಒಂದೇ ಗುಕ್ಕಿಗೆ ಬಂತು. ಅತ್ತಿಗೆಯ ಕತ್ತಿಯ ಸದ್ದು, ಜಯಮ್ಮನ ಟಿಲ್ಲರಿನ ಸದ್ದು. ನಾನು ಅಣ್ಣನ ಮುಂದೆ ಹೋಗಿ ನಿಂತೆ.

"ಅಣ್ಣ, ನಾನು ಹೇಳಿರ್ಲಿಲ್ಲ ಅಲ್ವಾ?"

"ಹಳೇದು ಬುಡ್ಲಾ."

"ಇಲ್ಲ. ಕೇಳು ಜಯಮ್ಮ, ನಾನು ಅಣ್ಣನಿಗೆ ಇಳಿಜಾರಿನ ವಿಷಯ ಹೇಳೇ ಇರ್ಲಿಲ್ಲ. ಅಣ್ಣ ಮರೀಲಿಲ್ಲ. ಊರಲ್ಲಿ ಯಾರು ಕೇಳಿದ್ರೂ ಹಂಗೇ ಹೇಳು."

ಜಯಮ್ಮ ನಗು ನಿಲ್ಲಿಸಿ ಅಣ್ಣನ ಮುಖ ನೋಡಿದಳು. ಅಣ್ಣನ ಮುಖದಲ್ಲಿ ನಾನು ಕಾಯುತ್ತಿದ್ದದ್ದು ಏನೂ ಬರಲಿಲ್ಲ. "ಸರಿ, ಹೊತ್ತಾಯ್ತು. ನಡಿ ಜಯಮ್ಮ, ಏರಿ ಮೇಲಿಂದ ಒಂದು ಸಲ ಇಳಿಸಿ ನೋಡುವಂತೆ," ಎಂದು ಹೆಗಲಿಗೆ ಟವೆಲ್ ಹಾಕಿಕೊಂಡ.

ನಾವು ನಡೆದೆವು. ನಿಜ ಹೇಳುತ್ತೇನೆ, ಆ ದಾರಿಯಲ್ಲಿ ನನಗೆ ಹಗುರವೆನಿಸಿತ್ತು. ಹನ್ನೊಂದು ವರ್ಷ ತಡವಾದರೂ ಹೇಳಬೇಕಾದ್ದನ್ನು ಮೂವರ ಮುಂದೆ ಹೇಳಿದೆ ಎಂದು ನನ್ನ ಬಗ್ಗೆ ನನಗೇ ಕೊಂಚ ಮೆಚ್ಚುಗೆಯೂ ಮೂಡಿತ್ತು.

ಆ ತೆಂಗಿನ ಮರ ಇನ್ನೂ ಇದೆ. ಮಾವಿಗೋ ಬೇವಿಗೋ ಕಚ್ಚು ಬಿದ್ದರೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿಗೆ ಬಿದ್ದ ಕಚ್ಚು ಬಿದ್ದ ಹಾಗೆಯೇ ಇರುತ್ತದೆ. ಮರ ಮೇಲೆ ಹೋದಂತೆ ಕಚ್ಚು ಮೇಲೆ ಹೋಗುವುದಿಲ್ಲ. ಸೊಂಟದೆತ್ತರದಲ್ಲಿ ಟಿಲ್ಲರಿನ ಕೈ ಬಡಿದ ಗುಳಿ ಈಗಲೂ ಅಷ್ಟೇ ಆಳ. ಬೆರಳಿಟ್ಟು ನೋಡಬಹುದಿತ್ತು. ಇಡಲಿಲ್ಲ.

ಅಣ್ಣ ತಿರುವಿನ ಹತ್ತಿರ ಮರಕ್ಕೆ ಬೆನ್ನು ಕೊಟ್ಟು ನಿಂತ. ನಾನು ಅವನ ಪಕ್ಕ. ಜಯಮ್ಮ ಸುತ್ತಿನ ದಾರಿಯಲ್ಲಿ ಟಿಲ್ಲರನ್ನು ಏರಿ ಮೇಲೆ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರೈಲರಿನ ಹಲಗೆಯ ಮೇಲೆ ಕೂತಿದ್ದಳು. ಟ್ರೈಲರಿನಲ್ಲಿ ಅರ್ಧ ಲೋಡು ಗೊಬ್ಬರ. ಇಳಿಯತೊಡಗಿದಳು. ಮೊದಲು ನಿಧಾನ, ಆಮೇಲೆ ಗೊಬ್ಬರ ಹಿಂದಿನಿಂದ ನೂಕಿತು. ತಿರುವು ಬಂತು. ಟಿಲ್ಲರಿನ ಮೂತಿ ನೇರ ನಮ್ಮ ಕಡೆಗೇ, ಮರದ ಕಡೆಗೇ ಇತ್ತು.

"ಎಡ! ಎಡ ಹಿಡಿ! ಎಡ ಹಿಡಿ!"

ಯಾರೋ ಕೂಗಿದರು. ಅದು ನನ್ನ ದನಿ ಎಂದು ತಿಳಿಯುವ ಹೊತ್ತಿಗೆ ನನ್ನ ಎಡಗೈ ಮುಷ್ಟಿ ಕಟ್ಟಿತ್ತು. ಅದರ ಮೇಲೆಯೇ ಅಣ್ಣನ ಕೂಗು ಬಂತು: "ಬಲ, ಜಯಮ್ಮ! ಬಲ! ಬಲ!"

ಜಯಮ್ಮ ಬಲ ಹಿಡಿದಳು. ಟಿಲ್ಲರ್ ಸಾಧುವಾಗಿ ಎಡಕ್ಕೆ ಹೊರಳಿ, ಮರದಿಂದ ಎರಡು ಮಾರು ದೂರದಲ್ಲಿ ಹಾದು, ದಾರಿ ಹಿಡಿದು ಹೋಗಿ ನಿಂತಿತು. ಅವಳು ಹಲಗೆಯಿಂದ ಇಳಿಯದೆಯೇ ತಿರುಗಿ ಕಿರುಚಿದಳು.

"ಏನ್ ಅಣ್ಣತಮ್ಮಂದ್ರೋ! ಒಬ್ರು ಎಡ ಅಂತೀರಾ, ಒಬ್ರು ಬಲ ಅಂತೀರಾ! ಯಾರ್ ಮಾತು ಕೇಳ್ಬೇಕು ನಾನು?"

"ಎಡಬಲನ ಮಾತು ಕೇಳು ತಾಯಿ," ಎಂದು ಅಣ್ಣ ಕೂಗಿ ಹೇಳಿ ನಕ್ಕ.

ನಾನು ನಗಲಿಲ್ಲ. ಮುಷ್ಟಿ ಬಿಚ್ಚಲು ಹೊತ್ತು ಹಿಡಿಯಿತು. ಅಣ್ಣ ನನ್ನ ಕೈಯನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅವತ್ತೂ ಹಿಂಗೇ ಕೂಗ್ದೆ ಕಣ್ಲಾ," ಎಂದ. ಜಯಮ್ಮನಿಗೆ ಕೇಳದಷ್ಟು ಮೆಲ್ಲಗೆ.

"ನಾನು?"

"ಹೂಂ. ಎಡ ಹಿಡಿ, ಎಡ ಹಿಡಿ ಅಂತ. ಗಾಡಿ ಬಲಕ್ಕೆ ಎಳೀತಿತ್ತು. ಯಾಕೋ ಸರಿ ಇಲ್ಲ, ಕೈ ಬುಡಾನ ಅಂತಿದ್ದೆ. ನೀನು ಕೂಗ್ದೆ. ಓದ್ದೋನು ಹೇಳ್ತಾವ್ನೆ ಅಂತ ಇನ್ನೂ ಗಟ್ಟಿ ಹಿಡ್ದೆ."

ಕೆರೆಯ ಕಡೆಯಿಂದ ಗಾಳಿ ಬಂದು ಮೇಲೆ ಗರಿಗಳು ಸದ್ದು ಮಾಡಿದವು. ನನಗೆ ಕೇಳಲು ಒಂದೇ ಒಂದು ಮಾತು ಉಳಿದಿತ್ತು, ಅದನ್ನೂ ನೆಲ ನೋಡುತ್ತ ಕೇಳಿದೆ.

"ಮತ್ತೆ ಆಸ್ಪತ್ರೇಲಿ ಅವ್ವನಿಗೆ, ಹೇಳಿದ್ದ ಅಂದ್ಯಲ್ಲಣ್ಣ?"

ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡು, ಆ ಮೂರು ಬೆರಳ ಕೈಯಲ್ಲಿ ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

"ನೀನು ಹೇಳಿದ್ದೆ ತಾನೆ? ಏನ್ ಹೇಳ್ದ ಅಂತ ಅವ್ವ ಕೇಳ್ಲಿಲ್ಲ," ಎಂದು ಜಯಮ್ಮನ ಟಿಲ್ಲರಿನ ಕಡೆಗೆ ಇಳಿದು ಹೋದ.